ಗಡಿ ದಾಟುವ ಕಾರು ಮತ್ತು ಒಂದು ಹಸಿರು ಹಾಳೆಯ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಬಸ್ಸಲ್ಲಿ ಇದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ, ಅಡುಗೆ ಮಾಡ್ತಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದೀರೋ ಗೊತ್ತಿಲ್ಲ. ಎಲ್ಲಿದ್ದರೂ ಸ್ವಾಗತ. ಇವತ್ತಿನ ವಿಷಯ ಕೇಳೋಕೆ ಸ್ವಲ್ಪ ಸಪ್ಪೆ ಅನ್ನಿಸಬಹುದು: ವಿದೇಶದಲ್ಲಿ ಗಾಡಿ ಓಡಿಸುವಾಗ ಬೇಕಾಗುವ ವಿಮೆ ಮತ್ತು ಕಾಗದಪತ್ರ. ತಕ್ಷಣ ಸ್ಕಿಪ್ ಮಾಡಬೇಡಿ. ಈ ಕಾಗದಗಳ ಹಿಂದೆ ನೂರಾ ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಅದರಲ್ಲಿ ಸಾವು ಇದೆ, ದಿವಾಳಿಯಾದ ಕಂಪನಿ ಇದೆ, ಒಂದೇ ಬೆಳಗ್ಗೆ ಇಡೀ ದೇಶ ರಸ್ತೆಯ ಬದಿ ಬದಲಿಸಿದ ಕಥೆಯೂ ಇದೆ.

ನನ್ನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಪ್ಲ್ಯಾನ್ ಏಳುತ್ತೆ. ಒಬ್ಬ ನೇಪಾಳಕ್ಕೆ ಕಾರಲ್ಲೇ ಹೋಗೋಣ ಅಂತಾನೆ, ಇನ್ನೊಬ್ಬಳು ಥಾಯ್ಲೆಂಡ್‌ನಲ್ಲಿ ಸ್ಕೂಟರ್ ಬಾಡಿಗೆಗೆ ತಗೊಳ್ಳೋಣ ಅಂತಾಳೆ, ಜರ್ಮನಿಯಲ್ಲಿ ಕೆಲಸ ಮಾಡ್ತಿರೋ ಗೆಳೆಯ ‘ಇಲ್ಲಿಗೆ ಬನ್ನಿ, ಐದು ದೇಶ ಸುತ್ತೋಣ’ ಅಂತಾನೆ. ಅಲ್ಲಿಗೆ ಯಾರಾದರೂ ಕೇಳೇ ಕೇಳ್ತಾರೆ: ‘ಇನ್ಶೂರೆನ್ಸ್ ಏನು ಮಾಡೋದು?’ ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ಇನ್ನೊಂದು ಪ್ರಶ್ನೆ. ಈ ವಿಮೆ ಇರೋದು ಯಾರಿಗಾಗಿ? ನಮಗಾಗಿಯೋ, ಅಥವಾ ನಮ್ಮ ಗಾಡಿ ಯಾರಿಗೆ ಬಡಿಯುತ್ತೋ ಅವರಿಗಾಗಿಯೋ?

ಮೊದಲು ಲಂಡನ್‌ಗೆ ಹೋಗೋಣ. 1896ರ ಆಗಸ್ಟ್ 17. ಕ್ರಿಸ್ಟಲ್ ಪ್ಯಾಲೇಸ್ ಮೈದಾನ. ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ತನ್ನ ಹದಿಹರೆಯದ ಮಗಳ ಜೊತೆ ಅಲ್ಲಿ ನಡೆದು ಹೋಗುತ್ತಿದ್ದರು. ಅದೇ ಮೈದಾನದಲ್ಲಿ ಜನರಿಗೆ ತೋರಿಸಲಿಕ್ಕೆ ಅಂತ ಮೋಟಾರು ಗಾಡಿಗಳನ್ನು ಓಡಿಸುತ್ತಿದ್ದರು. ಅಂಥದ್ದೊಂದು ಗಾಡಿ ಅವರಿಗೆ ಬಡಿಯಿತು. ಬ್ರಿಟನ್‌ನಲ್ಲಿ ಪೆಟ್ರೋಲ್ ಕಾರು ಬಡಿದು ಸತ್ತ ಮೊದಲ ಪಾದಚಾರಿ ಅವರೇ. ವಿಚಾರಣೆ ಸುಮಾರು ಆರು ಗಂಟೆ ನಡೆಯಿತು. ಚಾಲಕ ತಾನು ಗಂಟೆಗೆ 4 ಮೈಲಿ ವೇಗದಲ್ಲಿದ್ದೆ ಅಂದ. ತೀರ್ಪು: ಆಕಸ್ಮಿಕ ಸಾವು. ಯಾರ ಮೇಲೂ ಮೊಕದ್ದಮೆ ಇಲ್ಲ. ಇಂಥದ್ದು ಮತ್ತೆಂದೂ ನಡೆಯದಿರಲಿ ಅಂತ ವಿಚಾರಣೆ ನಡೆಸಿದ ಅಧಿಕಾರಿ ಆಶಿಸಿದರು.

ಆ ಆಸೆ ಏನಾಯಿತು ಅಂತ ನಾನು ಹೇಳಬೇಕಾಗಿಲ್ಲ.

ಕಾರುಗಳು ಹೆಚ್ಚಾದವು. ಶ್ರೀಮಂತರು ಕಾರು ಹತ್ತಿ ದೇಶದಿಂದ ದೇಶಕ್ಕೆ ಹೋಗತೊಡಗಿದರು. ಆಗ ಶುರುವಾಯಿತು ತಲೆನೋವು. ಒಂದು ದೇಶದ ಲೈಸೆನ್ಸ್ ಇನ್ನೊಂದು ದೇಶದಲ್ಲಿ ನಡೆಯಲ್ಲ, ನಂಬರ್ ಪ್ಲೇಟ್ ಅರ್ಥ ಆಗಲ್ಲ, ರಸ್ತೆ ಫಲಕಗಳು ಊರಿಗೊಂದು ಥರ. ಹಾಗಾಗಿ 1909ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಅಲ್ಲಿ ಒಪ್ಪಿಕೊಂಡ ಅಪಾಯದ ಫಲಕಗಳು ಎಷ್ಟು ಗೊತ್ತಾ? ಬರೀ ನಾಲ್ಕು! ಉಬ್ಬುತಗ್ಗಿನ ರಸ್ತೆ, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು. ಅಷ್ಟೇ. ಇವತ್ತು ಲೈಸೆನ್ಸ್ ಪರೀಕ್ಷೆಗೆ ನಾವು ಬಾಯಿಪಾಠ ಮಾಡುವ ಆ ಫಲಕಗಳ ಸಾಲಿಗೆ ಅಂತಾರಾಷ್ಟ್ರೀಯ ಬುಡ ಅಲ್ಲಿದೆ.

ಕಾರಿನ ಹಿಂದೆ ಅಂಡಾಕಾರದ ಬಿಳಿ ಫಲಕದಲ್ಲಿ ದೇಶದ ಅಕ್ಷರ ಬರೆಯೋ ಪದ್ಧತಿಯೂ ಆಗಲೇ ಬಂತು. ಫ್ರಾನ್ಸ್‌ಗೆ ‘ಎಫ್’, ಬ್ರಿಟನ್‌ಗೆ ‘ಜಿಬಿ’. ಆ ‘ಜಿಬಿ’ 2021ರ ಸೆಪ್ಟೆಂಬರ್‌ನಲ್ಲಿ ‘ಯುಕೆ’ ಆಯಿತು. ನಮ್ಮ ದೇಶದ ಗಾಡಿ ಹೊರಗೆ ಹೋದರೆ ‘ಐಎನ್‌ಡಿ’ ಅಂತ ಹಾಕಬೇಕು.

1926ರಲ್ಲಿ ಪ್ಯಾರಿಸ್‌ನಲ್ಲೇ ಇನ್ನೊಂದು ಒಪ್ಪಂದ ಆಯಿತು. ಅದರಲ್ಲಿ ಗಾಡಿಗೊಂದು ಪತ್ರ, ಓಡಿಸುವವರಿಗೆ ಇನ್ನೊಂದು ಪತ್ರ ಅಂತ ಬೇರೆ ಮಾಡಿದರು. ಈ ಎರಡನೆಯದೇ ಇವತ್ತು ನಾವು ‘ಐಡಿಪಿ’ ಅಂತ ಕರೆಯೋ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯ ಹಿರಿಯಜ್ಜ.

ಇಲ್ಲಿ ಒಂದು ವಿಷಯ ಗಮನಿಸಿ. ಲೈಸೆನ್ಸ್ ಆಯಿತು, ನಂಬರ್ ಪ್ಲೇಟ್ ಆಯಿತು, ಫಲಕ ಆಯಿತು. ಎಲ್ಲವೂ ಗಾಡಿ ಓಡಿಸುವವರ ಅನುಕೂಲಕ್ಕೆ. ಗಾಡಿ ಕೆಳಗೆ ಸಿಕ್ಕಿದವರಿಗೆ ಏನು? ಆ ಮಾತು ಇನ್ನೂ ಬಂದಿರಲಿಲ್ಲ.

ಆ ಮಾತು ಯಾಕೆ ಬರಬೇಕಾಯಿತು ಅನ್ನೋದಕ್ಕೆ ಇಂಗ್ಲೆಂಡಿನ ಒಂದು ಕೇಸು ಹೇಳ್ತೀನಿ. ಹ್ಯಾರಿಂಗ್ಟನ್ ಮೋಟಾರ್ ಕಂಪನಿ ಅಂತ ಒಂದು ಕಂಪನಿ. ಅದರ ಗಾಡಿಯಿಂದ ಒಬ್ಬರಿಗೆ ಗಾಯವಾಯಿತು. ಅವರು ಕೋರ್ಟಿಗೆ ಹೋಗಿ ಗೆದ್ದರು, ಪರಿಹಾರ ಕೊಡಿ ಅಂತ ತೀರ್ಪಾಯಿತು. ಕಂಪನಿ ವಿಮೆ ಮಾಡಿಸಿತ್ತು, ವಿಮಾ ಸಂಸ್ಥೆ ಹಣವನ್ನೂ ಕೊಟ್ಟಿತು. ಆದರೆ ಅಷ್ಟರಲ್ಲಿ ಕಂಪನಿಯೇ ಮುಳುಗಿತ್ತು. ವಿಮೆಯ ಹಣ ಗಾಯಾಳುವಿನ ಕೈಗೆ ಹೋಗಲಿಲ್ಲ, ದಿವಾಳಿ ಕಂಪನಿಯ ಖಾತೆಗೆ ಹೋಯಿತು. ಉಳಿದ ಸಾಲಗಾರರ ಜೊತೆ ಸಾಲಲ್ಲಿ ನಿಲ್ಲಿ ಅಂತ ಗಾಯಾಳುವಿಗೆ ಹೇಳಿದರು. ಮೇಲ್ಮನವಿ ನ್ಯಾಯಾಲಯ ಕೂಡ ಕಾನೂನು ಇರೋದೇ ಹೀಗೆ ಅಂದಿತು. 1928ರ ಕಾನೂನು ವರದಿಗಳಲ್ಲಿ ಈ ತೀರ್ಪು ದಾಖಲಾಗಿದೆ.

ಯೋಚನೆ ಮಾಡಿ. ಏಟು ತಿಂದಿದ್ದು ಒಬ್ಬರು. ಅದೇ ಏಟಿಗಾಗಿ ಬಂದ ಹಣ ಹಂಚಿಕೊಂಡಿದ್ದು ಬೇರೆಯವರು.

1930ರಲ್ಲಿ ಬ್ರಿಟಿಷ್ ಸಂಸತ್ತು ಎರಡು ಕಾನೂನು ತಂದಿತು. ಒಂದರ ಪ್ರಕಾರ, ವಿಮೆ ಮಾಡಿಸಿದವರು ದಿವಾಳಿಯಾದರೆ ಗಾಯಾಳು ನೇರವಾಗಿ ವಿಮಾ ಸಂಸ್ಥೆಯನ್ನೇ ಕೇಳಬಹುದು. ಇನ್ನೊಂದು ರಸ್ತೆ ಸಂಚಾರ ಕಾಯ್ದೆ. ಮೂರನೇ ವ್ಯಕ್ತಿಗೆ ಆಗುವ ಗಾಯಕ್ಕೆ ವಿಮೆ ಕಡ್ಡಾಯ ಅಂತ ಅದು ಹೇಳಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಲ್ಲೇ ಇದನ್ನು ಮಾಡಿತ್ತು. ತಮಾಷೆ ಏನಪ್ಪಾ ಅಂದ್ರೆ, ಬ್ರಿಟನ್ನಿನ ಅದೇ 1930ರ ಕಾಯ್ದೆ ಕಾರುಗಳಿಗೆ ಇದ್ದ ವೇಗದ ಮಿತಿಯನ್ನೂ ತೆಗೆದುಹಾಕಿತು! 1934ರಲ್ಲಿ ಬ್ರಿಟನ್ ರಸ್ತೆಗಳಲ್ಲಿ ಸತ್ತವರು 7,343 ಮಂದಿ. ಮುಂದಿನ ವರ್ಷವೇ ಊರೊಳಗೆ ಗಂಟೆಗೆ 30 ಮೈಲಿ ಮಿತಿ ವಾಪಸ್ ಬಂತು. ಅಂದರೆ ವಿಮೆ ಪರಿಹಾರ ಕೊಡಬಹುದು, ಜೀವ ಉಳಿಸಲ್ಲ. ಅದಕ್ಕೆ ವೇಗ ಇಳಿಸಲೇಬೇಕು.

ನಮ್ಮಲ್ಲಿ? 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಮೂರನೇ ವ್ಯಕ್ತಿ ವಿಮೆಯ ಅಧ್ಯಾಯ ಇತ್ತು, ಆದರೆ ಅದು ಜಾರಿಗೆ ಬಂದಿದ್ದು 1946ರ ಜುಲೈ 1ರಂದು. ಈಗ ಇರೋದು 1988ರ ಕಾಯ್ದೆ. ನೀವು ಪ್ರತಿ ವರ್ಷ ಬೈಕಿಗೆ, ಕಾರಿಗೆ ಕಟ್ಟುವ ‘ಥರ್ಡ್ ಪಾರ್ಟಿ’ ಅನ್ನೋದು ಪೊಲೀಸರಿಂದ ತಪ್ಪಿಸಿಕೊಳ್ಳೋಕೆ ಇರೋ ಚೀಟಿ ಅಲ್ಲ. ಆ ಮೂರನೇ ವ್ಯಕ್ತಿ ಅಂದ್ರೆ ರಸ್ತೆ ದಾಟ್ತಿರೋ ಅಜ್ಜಿ, ಸೈಕಲ್ ತುಳೀತಿರೋ ಹುಡುಗ.

ಸರಿ, ಈಗ ಗಡಿಗೆ ಬರೋಣ. ಪ್ರತಿ ದೇಶವೂ ವಿಮೆ ಕಡ್ಡಾಯ ಮಾಡಿತು ಅಂತಿಟ್ಟುಕೊಳ್ಳಿ. ಫ್ರಾನ್ಸಿನ ಕಾರೊಂದು ಬೆಲ್ಜಿಯಂನಲ್ಲಿ ಯಾರಿಗೋ ಗುದ್ದಿ ಮನೆಗೆ ಹೊರಟುಹೋಯಿತು. ಆ ಬೆಲ್ಜಿಯಂನವರು ಏನು ಮಾಡಬೇಕು? ಇನ್ನೊಂದು ದೇಶದ ಭಾಷೆಯಲ್ಲಿ, ಇನ್ನೊಂದು ದೇಶದ ಕೋರ್ಟಿನಲ್ಲಿ, ಇನ್ನೊಂದು ದೇಶದ ವಿಮಾ ಸಂಸ್ಥೆಯ ಬಾಗಿಲು ಬಡಿಯಬೇಕಾ?

ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪ್ ಮತ್ತೆ ಓಡಾಡತೊಡಗಿತು. ಆಗ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದಲ್ಲಿ ಈ ಪ್ರಶ್ನೆ ಎದ್ದಿತು. 1949ರ ಜನವರಿಯಲ್ಲಿ ಒಂದು ಶಿಫಾರಸು ಆಯಿತು. ಅದರಿಂದ ಹುಟ್ಟಿದ ವ್ಯವಸ್ಥೆ 1953ರ ಜನವರಿ 1ರಂದು ಜಾರಿಗೆ ಬಂತು. ಹೆಸರು ‘ಗ್ರೀನ್ ಕಾರ್ಡ್’. ಅಮೆರಿಕದಲ್ಲಿ ನೆಲೆಸೋಕೆ ನಮ್ಮವರು ಕಾಯುವ ಆ ಗ್ರೀನ್ ಕಾರ್ಡ್ ಅಲ್ಲ ಮತ್ತೆ! ಇದು ಕಾರಿನ ವಿಮೆಯ ಹಸಿರು ಹಾಳೆ.

ಅದು ಹೇಗೆ ಕೆಲಸ ಮಾಡುತ್ತೆ ಅಂದ್ರೆ, ಸದಸ್ಯ ದೇಶ ಪ್ರತಿಯೊಂದರಲ್ಲೂ ವಿಮಾ ಸಂಸ್ಥೆಗಳು ಸೇರಿ ಒಂದು ಬ್ಯೂರೋ ನಡೆಸುತ್ತವೆ. ನಮ್ಮ ಉದಾಹರಣೆಯಲ್ಲಿ ಬೆಲ್ಜಿಯಂನ ಗಾಯಾಳು ಫ್ರಾನ್ಸಿಗೆ ಹೋಗಬೇಕಿಲ್ಲ. ತನ್ನ ದೇಶದ ಬ್ಯೂರೋ ಹತ್ತಿರ ಕೇಳಿದರೆ ಸಾಕು. ಅದು ಬೆಲ್ಜಿಯಂ ಕಾನೂನಿನ ಪ್ರಕಾರ ಪರಿಹಾರದ ಏರ್ಪಾಟು ಮಾಡುತ್ತೆ. ಆಮೇಲೆ ಆ ಹಣವನ್ನು ಫ್ರಾನ್ಸಿನ ವಿಮಾ ಸಂಸ್ಥೆಯಿಂದ ವಸೂಲಿ ಮಾಡಿಕೊಳ್ಳುತ್ತೆ. ಆ ಸಂಸ್ಥೆ ಕೊಡದಿದ್ದರೆ ಫ್ರಾನ್ಸಿನ ಬ್ಯೂರೋ ಹೊಣೆ. ಲೆಕ್ಕಾಚಾರ ಸಂಸ್ಥೆಗಳ ನಡುವೆ, ಗಾಯಾಳುವಿಗೆ ಅಲೆದಾಟ ಇಲ್ಲ. ಹ್ಯಾರಿಂಗ್ಟನ್ ಕೇಸಿನಲ್ಲಿ ಆಗಿದ್ದರ ತದ್ವಿರುದ್ಧ ಇದು.

ಆಗಷ್ಟೇ ಪರಸ್ಪರ ಬಾಂಬು ಹಾಕಿಕೊಂಡಿದ್ದ ದೇಶಗಳು, ‘ನಿನ್ನ ಪ್ರಜೆಗೆ ನನ್ನ ಪ್ರಜೆ ಗುದ್ದಿದರೆ ಅದರ ಹೊಣೆ ನನ್ನದು’ ಅಂತ ಒಪ್ಪಿಕೊಂಡವು. ನನಗೆ ಈ ಇತಿಹಾಸದಲ್ಲಿ ತುಂಬ ಇಷ್ಟವಾದ ಭಾಗ ಇದೇ. 1972ರಲ್ಲಿ ಯುರೋಪಿಯನ್ ಸಮುದಾಯ ತನ್ನ ಸದಸ್ಯ ದೇಶಗಳ ನಡುವೆ ಗಡಿಯಲ್ಲಿ ವಿಮೆ ತಪಾಸಣೆಯನ್ನೇ ಕೈಬಿಡುವ ನಿರ್ದೇಶನ ಹೊರಡಿಸಿತು. ಇವತ್ತು ಈ ವ್ಯವಸ್ಥೆಯಲ್ಲಿ 40ಕ್ಕೂ ಹೆಚ್ಚು ದೇಶಗಳಿವೆ. ಯುರೋಪ್ ಅಷ್ಟೇ ಅಲ್ಲ. ಟರ್ಕಿ, ಇರಾನ್, ಮೊರೊಕ್ಕೊ, ಟುನೀಶಿಯಾ ಕೂಡ. 2020ರಿಂದ ಕಾರ್ಡನ್ನು ಬಿಳಿ ಹಾಳೆಯಲ್ಲೂ ಮುದ್ರಿಸಬಹುದು. ಬಣ್ಣ ಹೋಯಿತು, ಹೆಸರು ಉಳಿಯಿತು.

ಭಾರತ ಇದರಲ್ಲಿ ಇಲ್ಲ. ಇಲ್ಲಿಂದ ಕಾರು ತಗೊಂಡು ಯುರೋಪಿಗೆ ಹೋದವರು ಅಲ್ಲಿನ ಗಡಿಯಲ್ಲಿ ಸಿಗುವ ತಾತ್ಕಾಲಿಕ ವಿಮೆಯನ್ನು ದುಡ್ಡು ಕೊಟ್ಟು ಮಾಡಿಸಬೇಕು. 

ಹಾಗಾದ್ರೆ ಗ್ರೀನ್ ಕಾರ್ಡ್ ಇಲ್ಲದ ಏಷ್ಯಾದಲ್ಲಿ ಜನ ಓಡಾಡಲೇ ಇಲ್ವಾ? ಓಡಾಡಿದರು, ಭರ್ಜರಿಯಾಗಿ. 1955ರ ಸೆಪ್ಟೆಂಬರ್‌ನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ನ ಆರು ವಿದ್ಯಾರ್ಥಿಗಳು ಎರಡು ಲ್ಯಾಂಡ್ ರೋವರ್‌ಗಳಲ್ಲಿ ಲಂಡನ್‌ನಿಂದ ಹೊರಟು, 1956ರ ಮಾರ್ಚ್‌ನಲ್ಲಿ ಸಿಂಗಪುರ ಮುಟ್ಟಿದರು. 1957ರ ಏಪ್ರಿಲ್ 15ರಂದು ‘ಇಂಡಿಯಾಮ್ಯಾನ್’ ಅನ್ನೋ ಬಸ್ಸು ಲಂಡನ್ ಬಿಟ್ಟು ಜೂನ್ 5ಕ್ಕೆ ಕೋಲ್ಕತ್ತಾ ತಲುಪಿತು. ಟಿಕೆಟ್ ದರ 85 ಪೌಂಡ್! ಮುಂದೆ ಅರವತ್ತು ಎಪ್ಪತ್ತರ ದಶಕದಲ್ಲಿ ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬರೋ ದಾರಿಗೆ ‘ಹಿಪ್ಪಿ ಟ್ರೈಲ್’ ಅಂತಲೇ ಹೆಸರು ಬಿತ್ತು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ. ಆ ದಾರಿ ಮುಚ್ಚಿತು.

ಈ ದಾರಿಯ ಪ್ರಯಾಣಿಕರ ಬಳಿ ಇರುತ್ತಿದ್ದ ಮುಖ್ಯ ಕಾಗದ ‘ಕಾರ್ನೆ’. ಪೂರ್ತಿ ಹೆಸರು ಕಾರ್ನೆ ದ ಪಸ್ಸಾಜ್ ಆನ್ ದುವಾನ್. ಇವತ್ತೂ ಇದೆ. ಪ್ರತಿ ಹಾಳೆಯಲ್ಲಿ ಮೂರು ಭಾಗ: ಒಳಗೆ ಹೋಗುವಾಗ ಒಂದು ತುಂಡು ಹರಿದುಕೊಳ್ತಾರೆ, ಹೊರಗೆ ಬರುವಾಗ ಇನ್ನೊಂದು, ಮೂರನೆಯದು ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರವೇ ಉಳಿಯುತ್ತೆ. ಆದರೆ ಗೊತ್ತಿರಲಿ, ಇದು ಅಪಘಾತದ ವಿಮೆ ಅಲ್ಲ. ಇದು ಕಸ್ಟಮ್ಸ್‌ಗೆ ಕೊಡುವ ಭರವಸೆ. ಕಾರನ್ನು ಆ ದೇಶದಲ್ಲೇ ಮಾರಿಬಿಟ್ಟರೆ ಸುಂಕಕ್ಕೆ ಯಾರು ಹೊಣೆ ಅನ್ನೋದಷ್ಟೇ ಅದರ ಕಾಳಜಿ. ನಿಮ್ಮಿಂದ ಯಾರಿಗಾದರೂ ಏಟಾದರೆ ಕಾರ್ನೆ ಒಂದು ಪೈಸೆ ಕೊಡಲ್ಲ. 

ಇನ್ನು ರಸ್ತೆಯ ಬದಿಯ ಕಥೆ. ಸ್ವೀಡನ್‌ನಲ್ಲಿ ಜನ ಎಡಗಡೆ ಗಾಡಿ ಓಡಿಸುತ್ತಿದ್ದರು. ಗಡಿ ದಾಟಿದರೆ ನಾರ್ವೆ, ಫಿನ್‌ಲ್ಯಾಂಡ್‌ನಲ್ಲಿ ಬಲಗಡೆ. 1955ರಲ್ಲಿ ಜನಮತ ಕೇಳಿದರು. ನೂರಕ್ಕೆ ಸುಮಾರು 83 ಜನ ಬದಲಾವಣೆ ಬೇಡ ಅಂದರು. ಆದರೂ ಸರ್ಕಾರ ಮುಂದೆ ಹೋಯಿತು. 1967ರ ಸೆಪ್ಟೆಂಬರ್ 3, ಭಾನುವಾರ, ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ ರಸ್ತೆಯಲ್ಲಿದ್ದ ಗಾಡಿಗಳೆಲ್ಲ ನಿಂತವು. ಮೆಲ್ಲಗೆ ಬಲಕ್ಕೆ ಸರಿದವು. 5 ಗಂಟೆಗೆ ಮತ್ತೆ ಹೊರಟವು. ಭಾರಿ ಅಪಘಾತ ಆಗುತ್ತೆ ಅಂತ ಹೆದರಿದ್ದವರೇ ಹೆಚ್ಚು. ಆಗಿದ್ದು ಉಲ್ಟಾ: ಅಪಘಾತ ಕಮ್ಮಿ ಆಯಿತು. ಯಾಕಂದ್ರೆ ಎಲ್ಲರೂ ಭಯದಿಂದ, ನಿಗಾ ಇಟ್ಟು ಓಡಿಸಿದರು. ಅಭ್ಯಾಸ ಆದ ಮೇಲೆ ಸಂಖ್ಯೆ ಮತ್ತೆ ಏರಿತು.

ನಾವು ಎಡಗಡೆ ಓಡಿಸುವವರು. ಬಲಗಡೆಯ ದೇಶಕ್ಕೆ ಹೋದಾಗ ಮೊದಲ ಹತ್ತು ಕಿಲೋಮೀಟರ್ ನಾವೂ ಹುಷಾರಾಗೇ ಇರ್ತೀವಿ. ಆಮೇಲೆ ‘ಬಂತು ಬಿಡು’ ಅನ್ನಿಸಿದಾಗಲೇ ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ, ಕೈ ತಾನಾಗಿ ಎಡಕ್ಕೆ ಎಳೆಯುತ್ತೆ. ಸ್ವೀಡನ್ ಕಲಿಸುವ ಪಾಠ ಅದೇ.

ಈಗ ನಿಮಗೆ ನೇರವಾಗಿ ತಟ್ಟುವ ವಿಷಯ. ಐಡಿಪಿಗೆ ಅಜ್ಜ 1926ರ ಒಪ್ಪಂದ ಅಂದೆನಲ್ಲ, ಆಮೇಲೆ ಇನ್ನೆರಡು ಬಂದವು. 1949ರ ಜಿನೀವಾ ಒಪ್ಪಂದ, 1968ರ ವಿಯೆನ್ನಾ ಒಪ್ಪಂದ. ಎಲ್ಲ ದೇಶಗಳೂ ಎರಡಕ್ಕೂ ಸೇರಲಿಲ್ಲ. ಭಾರತ ಕೊಡುವ ಐಡಿಪಿ 1949ರ ಒಪ್ಪಂದದ್ದು, ಒಂದು ವರ್ಷ ಚಾಲ್ತಿ. ಜಪಾನ್ ಕೂಡ 1949ರ ಗುಂಪಿನದು, ಆದ್ದರಿಂದ ನಮ್ಮ ಐಡಿಪಿ ಅಲ್ಲಿ ನಡೆಯುತ್ತೆ. ಜರ್ಮನಿ ಆ ಗುಂಪಿನಲ್ಲಿಲ್ಲ, ಹಾಗಾಗಿ ಜರ್ಮನ್ನರ ಐಡಿಪಿ ಜಪಾನಿನಲ್ಲಿ ನಡೆಯಲ್ಲ. ಅವರು ಲೈಸೆನ್ಸಿನ ಜಪಾನಿ ಅನುವಾದ ಇಟ್ಟುಕೊಳ್ಳಬೇಕು! ವಿಯೆಟ್ನಾಂ ಮಾನ್ಯ ಮಾಡುವುದು 1968ರದ್ದನ್ನು. ಹಾಗಾಗಿ ನಮ್ಮ ಐಡಿಪಿ ಅಲ್ಲಿ ಲೆಕ್ಕಕ್ಕಿಲ್ಲ. ಚೀನಾ ಅಂತೂ ಯಾವ ಐಡಿಪಿಯನ್ನೂ ಒಪ್ಪಲ್ಲ.

ಇದು ಬರೀ ಪೊಲೀಸ್ ದಂಡದ ಪ್ರಶ್ನೆ ಅಲ್ಲ. ಆ ದೇಶದಲ್ಲಿ ಮಾನ್ಯವಾದ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿ ಬಿದ್ದರೆ, ಟ್ರಾವೆಲ್ ಇನ್ಶೂರೆನ್ಸ್ ಆಸ್ಪತ್ರೆ ಬಿಲ್ಲನ್ನು ತಳ್ಳಿಹಾಕಲು ಕಾರಣ ಸಿಕ್ಕಂತೆ. ಊರಲ್ಲಿ ಬರೀ ಕಾರಿನ ಲೈಸೆನ್ಸ್ ಇಟ್ಟುಕೊಂಡು, ಅಲ್ಲಿ ಸ್ಕೂಟರ್ ಓಡಿಸುವವರದ್ದೂ ಇದೇ ಪಾಡು. ಐಡಿಪಿಯಲ್ಲಿ ಬೈಕಿಗೆ ‘ಎ’, ಕಾರಿಗೆ ‘ಬಿ’ ಅಂತ ಬೇರೆ ಬೇರೆ ವರ್ಗ ಇರೋದನ್ನ ನೋಡಿಕೊಳ್ಳಿ.

ನೇಪಾಳಕ್ಕೆ ಸ್ವಂತ ಕಾರಲ್ಲಿ ಹೋಗುವ ಆಸೆ ಇರುವವರಿಗೂ ಒಂದು ಮಾತು. ನಾವು ಗೆಳೆಯರು ಸೋನೌಲಿ ಗಡಿಯ ಮೂಲಕ ಹೋಗುವ ಮುಂಚೆ ಪಾಲಿಸಿಯ ಸಣ್ಣ ಅಕ್ಷರಗಳನ್ನು ಕೂತು ಓದಿದೆವು. ಅದರಲ್ಲಿ ‘ಭೌಗೋಳಿಕ ವ್ಯಾಪ್ತಿ’ ಅನ್ನೋ ಸಾಲಿನ ಮುಂದೆ ಒಂದೇ ಪದ ಇತ್ತು: ಭಾರತ. ಅಂದರೆ ಗಡಿಯ ಕಮಾನು ದಾಟಿದ ಕ್ಷಣ ಆ ವಿಮೆ ಇದ್ದೂ ಇಲ್ಲದ ಹಾಗೆ. ಇದಕ್ಕೆ ಪರಿಹಾರ ಇದೆ. ನಮ್ಮ ಮೋಟಾರು ವಿಮಾ ಸುಂಕಪಟ್ಟಿ ಬಾಂಗ್ಲಾದೇಶ, ಭೂತಾನ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ — ಈ ಆರು ದೇಶಗಳಿಗೆ ವ್ಯಾಪ್ತಿ ವಿಸ್ತರಿಸಲು ಅವಕಾಶ ಕೊಟ್ಟಿದೆ. 2002ರ ಪಟ್ಟಿಯಲ್ಲಿ ಪೂರ್ಣ ಪಾಲಿಸಿಗೆ ಹೆಚ್ಚುವರಿ ಕಂತು 500 ರೂಪಾಯಿ, ಬರೀ ಥರ್ಡ್ ಪಾರ್ಟಿಗೆ 100 ರೂಪಾಯಿ. ಎರಡು ಮಸಾಲೆ ದೋಸೆಯ ದುಡ್ಡು! ಆದರೆ ಗಾಡಿಯನ್ನು ಹಡಗಲ್ಲೋ ವಿಮಾನದಲ್ಲೋ ಸಾಗಿಸುವಾಗ ಏನಾದರೂ ಆದರೆ ಈ ವಿಸ್ತರಣೆ ಅನ್ವಯಿಸಲ್ಲ ಅಂತಲೂ ಅಲ್ಲೇ ಬರೆದಿದೆ. ಗಡಿಯ ಹತ್ತಿರ ಹೋಟೆಲಿನವರೊಬ್ಬರು ‘ಅಣ್ಣಾವ್ರೇ’ ಅನ್ನೋ ಥರ ‘ಭೈಯಾ, ಇದನ್ನೆಲ್ಲ ಯಾರು ಕೇಳ್ತಾರೆ?’ ಅಂತ ನಕ್ಕರು. ನಿಜ, ದಾರಿಯಲ್ಲಿ ಯಾರೂ ಕೇಳದೇ ಇರಬಹುದು. ಕೇಳುವ ದಿನ ಬಂದರೆ, ಕೇಳುವವರು ಆಸ್ಪತ್ರೆಯ ಹಾಸಿಗೆ ಮೇಲೆ ಇರ್ತಾರೆ.

ಹಾಗಾದ್ರೆ ಯಾವ ಕಾಗದ ಯಾರಿಗಾಗಿ? ಒಮ್ಮೆ ಬೆರಳು ಮಡಚಿ ಲೆಕ್ಕ ಹಾಕೋಣ. ಐಡಿಪಿ: ನಿಮಗೆ ಓಡಿಸೋಕೆ ಬರುತ್ತೆ ಅಂತ ಪರದೇಶದ ಪೊಲೀಸರಿಗೆ ಹೇಳೋಕೆ. ಕಾರ್ನೆ: ಅಲ್ಲಿನ ಕಸ್ಟಮ್ಸ್‌ಗೆ. ಟ್ರಾವೆಲ್ ಇನ್ಶೂರೆನ್ಸ್: ನಿಮ್ಮ ಮೈಗೆ, ನಿಮ್ಮ ಆಸ್ಪತ್ರೆ ಖರ್ಚಿಗೆ. ಷೆಂಗೆನ್ ವೀಸಾ ಬೇಕಾದರೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕೇಳ್ತಾರಲ್ಲ, ಅದು ಇದೇ. ಅದಿದೆ ಅಂತ ಕಾರಿನ ಹೊಣೆ ಮುಗಿಯಲಿಲ್ಲ. ಬಾಡಿಗೆ ಕಾರಿನ ಕೌಂಟರ್‌ನಲ್ಲಿ ಮಾರುವ ಡ್ಯಾಮೇಜ್ ರಕ್ಷಣೆ: ಕಾರಿನ ತಗಡಿಗೆ, ಅಂದರೆ ನಿಮ್ಮ ಜೇಬಿಗೆ. ಥರ್ಡ್ ಪಾರ್ಟಿ ಅಥವಾ ಗ್ರೀನ್ ಕಾರ್ಡ್: ನಿಮಗೆ ಹೆಸರೂ ಗೊತ್ತಿರದ ಆ ಊರಿನ ಮನುಷ್ಯನಿಗೆ.

ಕೌಂಟರ್‌ನಲ್ಲಿ ನಾವೆಲ್ಲ ಹೆಚ್ಚು ವಿಚಾರಿಸೋದು ತಗಡಿನ ಬಗ್ಗೆ. ಗೀರು ಬಿದ್ದರೆ ಎಷ್ಟು, ಗಾಜು ಒಡೆದರೆ ಎಷ್ಟು ಅಂತ. ಕೊನೆಯ ಆ ಕಾಗದದ ಬಗ್ಗೆ ಕೇಳುವವರು ಕಡಿಮೆ. ಇತಿಹಾಸ ನೋಡಿದರೆ, ಇವೆಲ್ಲದರಲ್ಲಿ ಬರೋಕೆ ಹೆಚ್ಚು ಕಷ್ಟಪಟ್ಟ ಕಾಗದ ಅದೇ. ಡ್ರಿಸ್ಕಾಲ್ ಸತ್ತ 1896ರಿಂದ ಗ್ರೀನ್ ಕಾರ್ಡ್ ಬಂದ 1953ರವರೆಗೆ 57 ವರ್ಷ ಹಿಡಿಯಿತು. ನಾವು ಪರ ಊರಿಗೆ ಅತಿಥಿಗಳಾಗಿ ಹೋಗ್ತೀವಿ. ಅತಿಥಿ ಕೈಯಿಂದ ಮನೆಯವರಿಗೆ ಏಟಾದರೆ, ಓಡಿಹೋಗದೆ ನಿಲ್ಲುವ ಮಾತನ್ನು ಮೊದಲೇ ಬರೆದು ಕೊಟ್ಟ ಹಾಗೆ ಆ ಹಾಳೆ.

ನಿಮ್ಮ ಮುಂದಿನ ಟ್ರಿಪ್‌ನ ಪ್ಲ್ಯಾನ್ ಮಾಡುವಾಗ ಹೋಟೆಲ್ ಬುಕ್ ಮಾಡುವ ಮೊದಲು ಹತ್ತು ನಿಮಿಷ ಪಾಲಿಸಿ ತೆರೆದು ‘ಭೌಗೋಳಿಕ ವ್ಯಾಪ್ತಿ’ ಅನ್ನೋ ಸಾಲನ್ನು ಹುಡುಕಿ. ಗುಂಪಿನಲ್ಲಿ ಗಾಡಿ ಓಡಿಸೋದು ಯಾರೋ ಅವರಿಗೆ ಈ ಸಂಚಿಕೆ ಕಳಿಸಿ. ಓಡಿಸುವಾಗ ಮಾತ್ರ ಕೇಳೋದು ಬೇಡ, ಪಕ್ಕದಲ್ಲಿ ಕೂತವರು ಕೇಳಲಿ! ಮತ್ತೆ ಸಿಗೋಣ. ಹುಷಾರಾಗಿ ಹೋಗಿಬನ್ನಿ. ನಮಸ್ಕಾರ.